ನುಸಿ, ಕಿಲುಬು ಮತ್ತು ತಾಮ್ರದ ಹಂಡೆ

ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ನುಸಿ ಕಿಲುಬುಗಳ ಮಾತು ಬರುತ್ತದೆ. ಖಾನಾಪುರದ ಮಳೆಗಾಲವನ್ನು ಕಂಡವರಿಗೆ ಅದು ದೃಷ್ಟಾಂತವೆನಿಸದು, ಮನೆವಾರ್ತೆಯೆನಿಸುತ್ತದೆ. ಅಲ್ಲಿನ ಹೆಂಚಿನ ಮನೆಯನ್ನು ಬಿಟ್ಟು ಬೆಳಗಾವಿಯ ನಮ್ಮ ಸಣ್ಣ ಮನೆಗೆ ಬರಲು ಅವ್ವ ಒಪ್ಪಿದಾಗ, ಟ್ರಂಕಿನೊಳಗಿನ ರೇಷ್ಮೆಯನ್ನು ನುಸಿಯೂ ಅದರ ಬೀಗವನ್ನು ಕಿಲುಬೂ ಆಗಲೇ ಹಂಚಿಕೊಂಡಿದ್ದವು.

ನಮ್ಮದು ಮೆಥೊಡಿಸ್ಟ್ ಮನೆತನ. ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಯಲ್ಲಿ ತೊಡಗಿದ ಕಾರ್ಯವು 1904ರಲ್ಲಿ ಮೆಥೊಡಿಸ್ಟರ ಕೈಸೇರಿತು. ಅವರೊಡನೆ ಜಾನ್ ವೆಸ್ಲಿಯ ಉಪದೇಶವೂ ಬಂದಿತು. ಹಣದ ವಿಷಯದಲ್ಲಿ ಆತ ಬೋಧಿಸಿದ್ದು ಮೂರೇ: ಗಳಿಕೆ, ಉಳಿಕೆ, ಕೊಡುಗೆ. ಮೊದಲೆರಡು ನಮಗೆ ಬೇಗನೆ ಕರಗತವಾಗುತ್ತವೆ. ಮೂರನೆಯದರ ಸರದಿ ಬಂದಾಗ ಮಾತ್ರ ಬೇಡವಾದುದನ್ನು ಸಾಗಹಾಕಿ, ಅದಕ್ಕೆ ದಾನವೆಂದು ಹೆಸರಿಡುತ್ತೇವೆ.

ಅವ್ವನಿಗೆ ಇದು ಒಪ್ಪಿಗೆಯಾಗಲಿಲ್ಲ. ತಳ ಸೋರುತ್ತಿದ್ದ ತಾಮ್ರದ ಹಂಡೆಯನ್ನು ನೆರೆಮನೆಯ ಬಾಣಂತಿಗೆ ಕೊಡೋಣವೆಂದು ಮಾತು ಬಂದಾಗ, “ಸೋರೂದು ಕೊಟ್ರ ಕೊಟ್ಟಂಗ ಆಗೂದಿಲ್ಲಪಾ, ಚೆಲ್ಲಿದಂಗ ಆಗತೈತಿ” ಎಂದಳು. ಕಂಚುಗಾರನಿಂದ ಬೆಸುಗೆ ಹಾಕಿಸಿ, ಹುಣಸೆಹಣ್ಣಿನಿಂದ ತಾನೇ ಬೆಳಗಿ, ಮೊದಲ ಹಂಡೆ ನೀರು ಕಾಯಿಸಿ ನೋಡಿದ ಮೇಲೆಯೇ ಅದು ಮನೆಯ ಹೊಸ್ತಿಲು ದಾಟಿತು. ನಮ್ಮ ಪ್ರಯಾಣ ಎಂಟು ದಿನ ಮುಂದೆ ಹೋಯಿತೆನ್ನಿ!

ಹೀಗೆ ಕಪಾಟು, ಮಂಚ, ಬೀಸುವ ಕಲ್ಲು ಎಲ್ಲವನ್ನೂ ಕೊಟ್ಟವಳು ಹಳೆಯ ಬೈಬಲ್ಲನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಕೀರ್ತನೆಗಳು ಆಕೆಗೆ ಕಂಠಪಾಠ. ದಪ್ಪ ಅಕ್ಷರದ ಹೊಸ ಪ್ರತಿ ಬೆಳಗಾವಿಯ ಮನೆಯಲ್ಲಿತ್ತು. ಇದನ್ನೂ ಮೋಹವೆನ್ನುವವರು ಎನ್ನಲಿ, ನಾನು ಎನ್ನಲಾರೆ. ಅದರ ಮೊದಲ ಹಾಳೆಯಲ್ಲಿ, ತಂದೆಯವರ ಕೈಬರಹದಲ್ಲಿ, ನಾವು ಐವರು ಮಕ್ಕಳು ಹುಟ್ಟಿದ ದಿನಗಳಿವೆ. ಇಬ್ಬರ ಹೆಸರಿನ ಮುಂದೆ ಎರಡನೆಯ ತಾರೀಖೂ ಇದೆ.