ಪೊಟ್ಟಣದ ಮೇಲಿನ ಹೆಸರೂ ನಮ್ಮ ಆಸ್ತಿ



ನೀವು ಬೆಳಿಗ್ಗೆ, ಸಂಜೆ ಸಂಘಕ್ಕೆ ಹಾಕುವ ಹಾಲು ಊರು ದಾಟಿದ ಮೇಲೆ ಅದಕ್ಕೆ ಇರುವುದು ಒಂದೇ ಹೆಸರು: ನಂದಿನಿ. ಪೇಟೆಯ ಗಿರಾಕಿ ನಿಮ್ಮನ್ನು ನೋಡಿಲ್ಲ, ನಿಮ್ಮ ಕೊಟ್ಟಿಗೆಯನ್ನೂ ನೋಡಿಲ್ಲ. ಆ ಹೆಸರನ್ನು ನಂಬಿ ದುಡ್ಡು ಕೊಡುತ್ತಾರೆ. ಆ ದುಡ್ಡೇ ಒಕ್ಕೂಟದ ಮೂಲಕ ಬಟವಾಡೆಯಾಗಿ ನಿಮ್ಮ ಕೈಸೇರುತ್ತದೆ. ಯಾರೋ ಕಲಬೆರಕೆ ತುಪ್ಪಕ್ಕೆ ಇದೇ ಹೆಸರು ಅಂಟಿಸಿ ಮಾರಿದರೆ ನಷ್ಟ ಗಿರಾಕಿಗೆ ಮಾತ್ರವಲ್ಲ, ನಿಮಗೂ ಆಗುತ್ತದೆ. 2021ರಲ್ಲಿ ಮೈಸೂರಿನ ಬಳಿ, 2025ರಲ್ಲಿ ಬೆಂಗಳೂರಿನಲ್ಲಿ ನಕಲಿ ನಂದಿನಿ ತುಪ್ಪದ ಜಾಲಗಳು ಪತ್ತೆಯಾದ ಸುದ್ದಿ ನಿಮಗೂ ನೆನಪಿರಬಹುದು.

ಹಸುವಿಗೆ ಕಿವಿಯೋಲೆ ಇದ್ದಂತೆ ಸರಕಿಗೆ ಟ್ರೇಡ್‌ಮಾರ್ಕ್. ಇದು ಯಾರ ಸರಕು ಎಂದು ಅದು ಹೇಳುತ್ತದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಾಯಿಸಿದ ಹೆಸರನ್ನು, ಯಾವ ಸರಕಿಗೆ ನೋಂದಣಿಯಾಗಿದೆಯೋ ಆ ಸರಕಿಗೆ ಬಳಸುವ ಹಕ್ಕು ಮಾಲೀಕರಿಗೆ ಮಾತ್ರ. ನೋಂದಣಿ 10 ವರ್ಷಕ್ಕೆ. ಶುಲ್ಕ ಕಟ್ಟಿ ಮತ್ತೆ ಮತ್ತೆ ನವೀಕರಿಸಬಹುದು.

ಯಾವುದು ಉಲ್ಲಂಘನೆ?

ಅದೇ ಹೆಸರನ್ನು ಅಂಥದೇ ಸರಕಿಗೆ ಹಾಕುವುದು ನೇರ ಉಲ್ಲಂಘನೆ. ಒಂದಕ್ಷರ ಬದಲಿಸಿ, ಬಣ್ಣ, ಚಿತ್ರ ಹೋಲುವಂತೆ ಮಾಡಿದರೂ ತಪ್ಪೇ. ನ್ಯಾಯಾಲಯ ಎರಡು ಪೊಟ್ಟಣಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದಿಲ್ಲ. ಅರ್ಧಂಬರ್ಧ ನೆನಪಿನಲ್ಲಿ ಅಂಗಡಿಗೆ ಬಂದ ಸಾಮಾನ್ಯ ಗಿರಾಕಿ ಮೋಸಹೋಗುತ್ತಾರೆಯೇ ಎಂದು ಕೇಳುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹಳೆಯ ನಂದಿನಿ ಡಬ್ಬಿಗೆ ಬೇರೆ ತುಪ್ಪ ತುಂಬಿ ಮಾರುವುದೂ ಕಾನೂನಿನ ಕಣ್ಣಿನಲ್ಲಿ ಸುಳ್ಳು ಗುರುತು ಬಳಸಿದಂತೆಯೇ. ಒಳಗಿನ ತುಪ್ಪ ನಿಮ್ಮ ಮನೆಯ ಅಪ್ಪಟ ತುಪ್ಪವಾಗಿದ್ದರೂ ಅದನ್ನು ಆ ಡಬ್ಬಿಯಲ್ಲಿ ಮಾರಬೇಡಿ.

ಯಾವುದು ಅಲ್ಲ?

ಒಕ್ಕೂಟದ ಅಸಲಿ ಹಾಲನ್ನು ಕೊಂಡು ಮಾರುವ ಅಂಗಡಿಯವರು ‘ಇಲ್ಲಿ ನಂದಿನಿ ಹಾಲು ಸಿಗುತ್ತದೆ’ ಎಂದು ಹೇಳಿದರೆ ತಪ್ಪಿಲ್ಲ. ಹಾಗೆಯೇ ‘ನಂದಿನಿ’ ಎಂಬ ಪದವೇ ನಮ್ಮ ಸ್ವತ್ತು ಎಂದು ಭಾವಿಸುವುದೂ ಸರಿಯಲ್ಲ. ನಮ್ಮ ಮಹಾಮಂಡಳ ಈ ಹೆಸರನ್ನು ಬಳಸತೊಡಗಿದ್ದು 1985ರಲ್ಲಿ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲಿನವರು 1989ರಿಂದ ಹೆಚ್ಚುಕಡಿಮೆ ಇದೇ ಹೆಸರು ಬಳಸುತ್ತಿದ್ದು, ತಮ್ಮ ಆಹಾರ ಪದಾರ್ಥಗಳಿಗೆ ನೋಂದಣಿ ಕೇಳಿದರು. ಮಹಾಮಂಡಳ ಆಕ್ಷೇಪಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಜುಲೈನಲ್ಲಿ ತೀರ್ಪು ಹೋಟೆಲಿನವರ ಪರ ಬಂತು. ನಂದಿನಿ ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ಪುರಾಣದ ದೇವತೆಯ ಹೆಸರು, ಹಸುವಿನ ಹೆಸರು. ನಮ್ಮ ಗುರುತಿನಲ್ಲಿ ಹಸುವಿದೆ, ಅವರದರಲ್ಲಿ ದೀಪವಿದೆ. ಸರಕೂ ಬೇರೆ, ಗಿರಾಕಿಗೆ ಗೊಂದಲವಾಗದು ಎಂದಿತು ನ್ಯಾಯಾಲಯ. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಅವರಿಗೆ ಆ ನೋಂದಣಿ ಸಿಗಲಿಲ್ಲ. ಕಾನೂನು ನಮಗೆ ಕಾಯ್ದುಕೊಟ್ಟಿರುವುದು ಪದವನ್ನಲ್ಲ, ಹಾಲಿನ ಮೇಲೆ ಆ ಪದ ಗಳಿಸಿದ ನಂಬಿಕೆಯನ್ನು.

ಶಿಕ್ಷೆ ಏನು?

ಉಲ್ಲಂಘನೆ ನಿಲ್ಲಿಸಲು ಮಾಲೀಕರು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿ ತಡೆಯಾಜ್ಞೆ, ನಷ್ಟ ಪರಿಹಾರ ಕೇಳಬಹುದು. ಸುಳ್ಳು ಗುರುತು ಹಾಕುವುದು ಅಪರಾಧವೂ ಹೌದು: ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅಂಥ ಸರಕು ಮಾರುವವರಿಗೂ ಇದೇ ಶಿಕ್ಷೆ. ನಿಮ್ಮದು ಚಿಕ್ಕ ಅಂಗಡಿಯಾಗಿದ್ದರೆ ‘ಗೊತ್ತಿರಲಿಲ್ಲ’ ಎಂದರೆ ಸಾಲದು. ಎಚ್ಚರ ವಹಿಸಿದ್ದೆ, ಇಂಥವರಿಂದ ಕೊಂಡೆ ಎಂದು ತೋರಿಸಬೇಕಾಗುತ್ತದೆ. ಅದಕ್ಕೇ ಅಧಿಕೃತ ಡೀಲರ್‌ರಿಂದಲೇ ಕೊಳ್ಳಿ, ಬಿಲ್ ಜೋಪಾನವಾಗಿಡಿ.

ನೀವು ಮಾಡಬೇಕಾದದ್ದು

ಖಾಲಿ ತುಪ್ಪದ ಡಬ್ಬಿ, ಜಾರ್‌ಗಳನ್ನು ಗುಜರಿಗೆ ಹಾಕುವ ಮುನ್ನ ಲೇಬಲ್ ಹರಿದುಹಾಕಿ. ಸಂತೆಯಲ್ಲಿ ತೀರಾ ಕಡಿಮೆ ಬೆಲೆಗೆ ‘ನಂದಿನಿ’ ತುಪ್ಪ ಕಂಡರೆ ಅಂಗಡಿಯವರೊಂದಿಗೆ ಜಗಳಕ್ಕೆ ಇಳಿಯಬೇಡಿ. ಜಾಗ, ದಿನ, ಬ್ಯಾಚ್ ಸಂಖ್ಯೆ ಬರೆದುಕೊಂಡು ಸಂಘದ ಕಾರ್ಯದರ್ಶಿಗೆ ಅಥವಾ ಒಕ್ಕೂಟಕ್ಕೆ ತಿಳಿಸಿ.

ನಿಮ್ಮ ಸ್ತ್ರೀಶಕ್ತಿ ಗುಂಪು ಪೇಡಾ, ಬೆಣ್ಣೆ ಮಾರುತ್ತಿದ್ದರೆ ನಿಮ್ಮದೇ ಹೆಸರಿಡಿ. ಅದನ್ನು ನೋಂದಾಯಿಸಲು ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಹಾಲಿನ ಪದಾರ್ಥಗಳು ಬರುವುದು 29ನೇ ವರ್ಗದಲ್ಲಿ. ಅರ್ಜಿ ಹಾಕುವ ಮುನ್ನ ಅಂಥದೇ ಹೆಸರು ಬೇರೆಯವರಿಗೆ ಇದೆಯೇ ಎಂದು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ನೋಡಬಹುದು. ಓದಿದ ಮಕ್ಕಳ ಕೈಯಲ್ಲಿ ನೋಡಿಸಿ.

ಸಂಘದ ಮುಂದಿನ ಸಭೆಯಲ್ಲಿ ಈ ಲೇಖನವನ್ನು ಒಬ್ಬರು ಓದಿ ಹೇಳಿ. ಡಬ್ಬಿಯ ವಿಷಯವನ್ನಂತೂ ಮರೆಯದೆ ತಿಳಿಸಿ.