ಕೊನೇ 0.6 ಸೆಕೆಂಡಿನ ಸೀಟಿ

2019ರ ಏಪ್ರಿಲ್ 7, ಭಾನುವಾರ. ಬೆಳಗಿನ ಆರು ಗಂಟೆ ಆಗ್ತಾ ಬಂದಿತ್ತು. ಬೆಂಗಳೂರಿನ ಪಿಜಿ ರೂಮಿನಲ್ಲಿ ಕೂತು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್ ನೋಡ್ತಿದ್ದೆ. ಆಟ ನಡೀತಿದ್ದದ್ದು ಮಿನಿಯಾಪೊಲಿಸ್‌ನಲ್ಲಿ, ಅಲ್ಲಿ ಇನ್ನೂ ಶನಿವಾರ ಸಂಜೆ. ವರ್ಜೀನಿಯಾ ವಿರುದ್ಧ ಆಬರ್ನ್. ಪಂದ್ಯ ಮುಗಿದ ಎರಡೇ ನಿಮಿಷಕ್ಕೆ, ಆಬರ್ನ್‌ನಲ್ಲಿ ಎಂಎಸ್ ಓದುತ್ತಿದ್ದ ಗೆಳೆಯನ ಮೆಸೇಜ್ ಬಂತು: ‘ಹಗಲು ದರೋಡೆ ಕಣೋ ಇದು.’

‘ಅದು ಫೌಲೇ’ ಅಂತ ಉತ್ತರ ಹಾಕಿದೆ. ಒಂದು ವಾರ ಅವನು ನನ್ನ ಹತ್ರ ಮಾತಾಡಲಿಲ್ಲ.

ನಡೆದದ್ದು ಇಷ್ಟು. ಕೊನೆಯ ಐದು ನಿಮಿಷಗಳಲ್ಲಿ ಆಬರ್ನ್ ಹತ್ತು ಪಾಯಿಂಟ್ ಹಿನ್ನಡೆ ಮುರಿದು 62–60ರಿಂದ ಮುಂದಿತ್ತು. ಇನ್ನು 1.5 ಸೆಕೆಂಡ್ ಬಾಕಿ. ವರ್ಜೀನಿಯಾದ ಕೈಲ್ ಗೈ ಮೂಲೆಯಿಂದ ಮೂರು ಪಾಯಿಂಟ್‌ಗೆ ಎಸೆದ. ಚೆಂಡು ಒಳಗೆ ಹೋಗಲಿಲ್ಲ. ಆಬರ್ನ್ ಮೊದಲ ಸಲ ಫೈನಲ್ ಫೋರ್‌ಗೆ ಬಂದಿದ್ದ ವರ್ಷ ಅದು, ಅವರ ಸಂಭ್ರಮ ಹೇಗಿರಬೇಡ! ಆದರೆ ಅಷ್ಟರಲ್ಲಿ ಸೀಟಿ ಬಿದ್ದಿತ್ತು. ಆಬರ್ನ್‌ನ ಸಮೀರ್ ಡೌಟಿ, ಇನ್ನೂ ಗಾಳಿಯಲ್ಲಿದ್ದ ಗೈಗೆ ತಾಗಿದ್ದ. ಗಡಿಯಾರದಲ್ಲಿ ಉಳಿದಿದ್ದು 0.6 ಸೆಕೆಂಡ್. ಮೂರು ಫ್ರೀ ಥ್ರೋ. ಎರಡು ಹಾಕಿದ ಮೇಲೆ ಆಬರ್ನ್ ಕೋಚ್ ಬ್ರೂಸ್ ಪರ್ಲ್ ಟೈಮ್‌ಔಟ್ ತಗೊಂಡರು, ಹುಡುಗ ನಡುಗಲಿ ಅಂತ. ಅವನು ನಡುಗಲಿಲ್ಲ. 63–62. ಎರಡು ದಿನದ ನಂತರ ವರ್ಜೀನಿಯಾ ಫೈನಲ್ ಕೂಡ ಗೆದ್ದಿತು.

ಶೂಟ್ ಮಾಡಲು ನೆಗೆದವನು ಮತ್ತೆ ನೆಲ ಮುಟ್ಟುವವರೆಗೆ ಅವನು ಇಳಿಯುವ ಜಾಗ ಅವನದ್ದು, ಆಮೇಲೆ ಬಂದು ಆ ಜಾಗಕ್ಕೆ ಯಾರೂ ನುಗ್ಗುವಂತಿಲ್ಲ. ನಿಯಮ ಇದು. ಕೈಗೆ ಹೊಡೆದರಷ್ಟೇ ಫೌಲ್ ಅಂದುಕೊಂಡವರು ರೀಪ್ಲೇನಲ್ಲಿ ಕೈಯನ್ನೇ ನೋಡ್ತಾರೆ. ಒಂದು ಸಲ ಸೊಂಟದ ಕೆಳಗೆ ನೋಡಿ.

‘ಸರಿ ಮಾರಾಯ, ಆದ್ರೂ ಕೊನೇ ಸೆಕೆಂಡಲ್ಲಿ ಊದಬಾರದಿತ್ತು, ಆಟಗಾರರೇ ತೀರ್ಮಾನ ಮಾಡಲಿ’ ಅನ್ನೋದು ಗೆಳೆಯನ ವಾದ. ನನಗೆ ಸಿಟ್ಟು ಬರೋದು ಇಲ್ಲೇ. ಅದಕ್ಕೆ ಕಾರಣ ವರ್ಜೀನಿಯಾ ಅಲ್ಲ, ನಾನೇ.

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಒಂದು ಇಂಟರ್-ಬ್ರಾಂಚ್ ಪಂದ್ಯಕ್ಕೆ ರೆಫರಿ ಸಿಗಲಿಲ್ಲ ಅಂತ ನನ್ನ ಕೈಗೆ ಸೀಟಿ ಕೊಟ್ಟಿದ್ದರು. ಮೆಕ್ಯಾನಿಕಲ್‌ನವರು ಒಂದು ಪಾಯಿಂಟ್ ಹಿಂದೆ, ಕೊನೆಯ ಕೆಲವೇ ಸೆಕೆಂಡ್. ಅವರ ಹುಡುಗ ನೆಗೆದ. ಡಿಫೆಂಡರ್ ನಡೆದು ಬಂದು ಅವನ ಕಾಲ ಕೆಳಗೇ ನಿಂತ. ನಾನು ನೋಡಿದೆ. ಸೀಟಿ ಬಾಯಲ್ಲೇ ಇತ್ತು. ಸುತ್ತ ಇನ್ನೂರು ಜನ ಕಿರುಚುತ್ತಿದ್ದರು, ಊದಲಿಲ್ಲ. ‘ಒಳ್ಳೇ ರೆಫರಿ ಗುರು, ಕೊನೇಲಿ ಆಟ ಕೆಡಿಸಲಿಲ್ಲ’ ಅಂತ ಬೆನ್ನು ತಟ್ಟಿದರು. ಬಿದ್ದ ಹುಡುಗ ನಮ್ಮ ಹಾಸ್ಟೆಲಿನವನೇ. ಮೂರು ವಾರ ಗೋಡೆ ಹಿಡಿದು, ಒಂದೇ ಕಾಲಲ್ಲಿ ಕುಂಟುತ್ತಾ ಮೆಸ್‌ನ ಮೆಟ್ಟಿಲು ಹತ್ತುತ್ತಿದ್ದ. ‘ಹೋಗ್ಲಿ ಬಿಡು ಮಗಾ’ ಅಂದಿದ್ದ. ಊದದೇ ಇದ್ದಾಗಲೂ ಪಂದ್ಯವನ್ನು ತೀರ್ಮಾನ ಮಾಡಿದ್ದು ನಾನೇ ಅಲ್ವಾ? ಬೈಗುಳ ಮಾತ್ರ ತಪ್ಪಿತು. ಆವತ್ತು ಹತ್ತಾರು ಸಾವಿರ ಜನರ ಗದ್ದಲದ ನಡುವೆ ಊದಿದ ಆ ರೆಫರಿ ಮೇಲೆ ನನಗೆ ಗೌರವ ಇರೋದು ಇದಕ್ಕೇ.

ಇನ್ನು ಗೆಳೆಯನ ಬ್ರಹ್ಮಾಸ್ತ್ರ: ಡಬಲ್ ಡ್ರಿಬಲ್. ಆ ಫೌಲ್‌ಗೆ ಸ್ವಲ್ಪ ಮೊದಲು ವರ್ಜೀನಿಯಾದ ಟೈ ಜೆರೋಮ್‌ನ ಚೆಂಡು ಅವನದೇ ಕಾಲಿಗೆ ಬಡಿದು ಹಾರಿತು. ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ ಡ್ರಿಬಲ್ ಮಾಡಿದ. ಚೆಂಡು ಆಬರ್ನ್‌ಗೆ ಸಿಗಬೇಕಿತ್ತು, ಪಂದ್ಯ ಬಹುಪಾಲು ಅಲ್ಲೇ ಮುಗೀತಿತ್ತು. ಯಾರೂ ಊದಲಿಲ್ಲ, ಅದನ್ನು ವಿಡಿಯೋದಲ್ಲಿ ನೋಡಿ ತಿದ್ದೋಕೂ ನಿಯಮದಲ್ಲಿ ಅವಕಾಶ ಇರಲಿಲ್ಲ. ಇದನ್ನು ನಾನು ಸಮರ್ಥಿಸಲ್ಲ. ತಪ್ಪು ತಪ್ಪೇ, ಅದರ ಲಾಭ ನಮ್ಮ ತಂಡಕ್ಕಾಯ್ತು. ಆದರೆ ಒಂದು ಬಗ್ ಕಣ್ಣುತಪ್ಪಿ ಪ್ರೊಡಕ್ಷನ್‌ಗೆ ಹೋಯ್ತು ಅಂತ, ಕಣ್ಣಿಗೆ ಬಿದ್ದ ಮುಂದಿನ ಬಗ್ಗನ್ನೂ ಬೇಕಂತಲೇ ಬಿಡುವ ಟೆಸ್ಟರ್‌ನ ಯಾವ ಟೀಮ್ ಇಟ್ಕೊಳ್ಳುತ್ತೆ?

ಸೋತ ಕೋಚ್ ಪರ್ಲ್ ಆವತ್ತು ರೆಫರಿಗಳ ಮೇಲೆ ಹರಿಹಾಯಲಿಲ್ಲ. ಫೌಲ್ ಆದರೆ ಊದಿ, ಶುರುವಿನಲ್ಲಾಗಲಿ ಕೊನೆಯಲ್ಲಾಗಲಿ ಒಂದೇ ಥರ ಇರಲಿ ಅನ್ನೋ ಅರ್ಥದ ಮಾತಾಡಿದರು. ಗೆದ್ದವರ ಕಡೆಯ ನಾನು ಹೇಳಿದ್ದಕ್ಕಿಂತ ಅವರು ಹೇಳಿದ್ದಕ್ಕೆ ತೂಕ ಜಾಸ್ತಿ ಅಂತ ಗೆಳೆಯನಿಗೂ ಗೊತ್ತು.

ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಅವನು ಆ ಕ್ಲಿಪ್ ಕಳಿಸ್ತಾನೆ. ಈ ಸಲ ಫೌಲ್‌ನ ಕ್ಲಿಪ್ ಬರಲಿಲ್ಲ, ಜೆರೋಮ್‌ನದು ಮಾತ್ರ ಬಂತು. ‘ಒಪ್ಕೊಂಡೆ ಅಂತ ಒಂದ್ಸಲ ಬರೆದು ಕೊಡು’ ಅಂದ. ಬರೆದು ಕೊಟ್ಟಿದ್ದೀನಿ ಮಗಾ, ಮೇಲೆ ಓದು.