ನಿಮಗಿದು ಗೊತ್ತೇ? ವಾಲ್ಯೂಮ್ ಏರಿಸಿದರೆ ಮಾತೇ ಕೆಡುತ್ತದೆ!

ನಿಮ್ಮ 4ಜಿ ಫೋನು ಎಷ್ಟೇ ಗಂಟಲು ಹರಿದುಕೊಂಡರೂ ಸಾಮಾನ್ಯವಾಗಿ ಹೊಮ್ಮಿಸುವುದು ಹೆಚ್ಚೆಂದರೆ ಸುಮಾರು 200 ಮಿಲಿವ್ಯಾಟ್. ಬಚ್ಚಲುಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬು ಕುಡಿಯುವ ವಿದ್ಯುತ್ತಿನ ನಲವತ್ತೈದನೇ ಒಂದು ಪಾಲು ಅಷ್ಟೆ.

ಹಳೆಯ 2ಜಿ ಫೋನಿನದು ದೊಡ್ಡ ಗಂಟಲು. 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೂ ಕೂಗುತ್ತಿತ್ತು. ಅದನ್ನು ರೇಡಿಯೊ ಪಕ್ಕ ಇಟ್ಟರೆ ರಿಂಗ್ ಆಗುವ ಮೊದಲೇ ‘ಟರ್‌ಟರ್, ಟರ್‌ಟರ್’ ಅಂತ ಸದ್ದು ಬರುತ್ತಿದ್ದುದು ನೆನಪಿದೆಯೇ? ಫೋನು ಟವರಿಗೆ ಓಗೊಡುತ್ತಿದ್ದ ಸದ್ದು ಅದು. ಮಾತಿನ ನಡುವೆ ಸೆಕೆಂಡಿಗೆ ಸುಮಾರು 217 ಸಲ ಬಿಟ್ಟುಬಿಟ್ಟು ಕೂಗುತ್ತಿದ್ದುದರಿಂದ ಆ ಗುರುಗುಟ್ಟುವಿಕೆ ಸ್ಪೀಕರಿಗೂ ನುಸುಳುತ್ತಿತ್ತು.

ಸಿಡಿಎಂಎ ಫೋನುಗಳಿಗೆ ಟವರು ಸೆಕೆಂಡಿಗೆ 800 ಸಲ ‘ದನಿ ಏರಿಸು’, ‘ಇಳಿಸು’ ಎಂದು ಆಜ್ಞೆ ಕೊಡುತ್ತಿತ್ತು. 3ಜಿಯಲ್ಲಿ ಅದು 1,500 ಸಲ! ಎಲ್ಲರೂ ಒಂದೇ ತರಂಗಾಂತರದಲ್ಲಿ ಮಾತಾಡುವಾಗ ಟವರಿನ ಬುಡದಲ್ಲಿರುವವನು ಕಿರುಚಿದರೆ ದೂರದ ಹಳ್ಳಿಯವನ ದನಿ ಮುಳುಗಿಹೋಗುತ್ತದಲ್ಲ, ಅದಕ್ಕೆ.

‘ಟವರ್ ಸಿಗ್ತಿಲ್ಲ’ ಅನ್ನುವ ಕಡೆಯೇ ಫೋನಿನ ಚಾರ್ಜು ಬೇಗ ಮುಗಿಯುತ್ತದೆ. ಅಲ್ಲಿ ಅದು ಪೂರ್ತಿ ಶಕ್ತಿ ಹಾಕಿ ಕೂಗುತ್ತಿರುತ್ತದೆ.

ಅತಿ ಕಿರಿದಾದ ಮಿಲಿಮೀಟರ್ ಅಲೆಗಳು 5ಜಿಯ ಜೊತೆ ಹುಟ್ಟಿದವಲ್ಲ. 1890ರ ದಶಕದಲ್ಲೇ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು 5 ಮಿಲಿಮೀಟರಿನಷ್ಟು ಗಿಡ್ಡ ಅಲೆಗಳನ್ನು ಎಬ್ಬಿಸಿದ್ದರು. ಇಂದಿನ ಲೆಕ್ಕದಲ್ಲಿ 60 ಗಿಗಾಹರ್ಟ್ಸ್. ಈ 60ರ ಆಸುಪಾಸಿನ ಅಲೆಯನ್ನು ಗಾಳಿಯಲ್ಲಿರುವ ಆಮ್ಲಜನಕವೇ ನುಂಗುತ್ತದೆ: ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್. ಅಂದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಮೂವತ್ತರಲ್ಲಿ ಒಂದು ಪಾಲು ಉಳಿದರೆ ಪುಣ್ಯ.

ಭಾರತದಲ್ಲಿ 2022ರಲ್ಲಿ ಹರಾಜಾದ 5ಜಿ ತರಂಗಗಳಲ್ಲಿ 26 ಗಿಗಾಹರ್ಟ್ಸ್‌ನದೂ ಇತ್ತು. 2.6ರಿಂದ 26ಕ್ಕೆ ಹೋದರೆ, ಅದೇ ಬಗೆಯ ಆಂಟೆನಾ ಇಟ್ಟುಕೊಂಡರೂ ಅತ್ತ ಕಡೆ ಕೈಗೆ ಸಿಗುವ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಲೆ ಗಿಡ್ಡವಾದಷ್ಟೂ ಆಂಟೆನಾದ ಬೊಗಸೆ ಚಿಕ್ಕದು.

ಹಾಗಿದ್ದರೆ ನೂರು ಪಟ್ಟು ಶಕ್ತಿ ಹಾಕಿ ಕೂಗಿದರಾಯಿತು ಅಂತೀರಾ? ಗಣೇಶನ ಪೆಂಡಾಲಿನಲ್ಲಿ ಮೈಕ್‌ಸೆಟ್ಟಿನ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದವರನ್ನು ಕೇಳಿ. ಅರ್ಧದವರೆಗೆ ಹಾಡು ಹಾಡಾಗಿಯೇ ಇರುತ್ತದೆ. ಮುಕ್ಕಾಲಿಗೆ ಬಂದರೆ ತಾಳ ತಗಡಾಗುತ್ತದೆ. ಕೊನೆಗೆ ತಿರುಗಿಸಿದಾಗ ಕೇಳುವುದು ಬರೀ ಗರಗರ. ರೇಡಿಯೊ ಆಂಪ್ಲಿಫೈಯರಿನ ಹಣೆಬರಹವೂ ಇದೇ. ಒಂದು ಮಟ್ಟ ದಾಟಿದ ಮೇಲೆ ಅದು ಸಿಗ್ನಲ್ಲಿನ ನೆತ್ತಿ ಚಪ್ಪಟೆ ಮಾಡುತ್ತದೆ, ಪಕ್ಕದ ಚಾನೆಲ್ಲಿಗೂ ಕಸ ಚೆಲ್ಲುತ್ತದೆ.

ಈಗ ಸ್ವಲ್ಪ ಲೆಕ್ಕ. ಹೊರಡುವ ಸಿಗ್ನಲ್ಲೇ ಶೇ 10ರಷ್ಟು ವಕ್ರವಾಗಿದ್ದರೆ, ಅಸಲು ಸಿಗ್ನಲ್ಲಿನ ಶಕ್ತಿ ಕಲಬೆರಕೆಗಿಂತ 100 ಪಟ್ಟು ಹೆಚ್ಚು, ಅದಕ್ಕಿಂತ ಜಾಸ್ತಿಯಿಲ್ಲ. ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟ ಸೂತ್ರಕ್ಕೆ ಇದನ್ನು ಹಾಕಿದರೆ ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ ಸಿಗುವುದು 6.66 ಬಿಟ್. ಒಂದು ವ್ಯಾಟ್ ಕೊಡಿ, ಸಾವಿರ ವ್ಯಾಟ್ ಕೊಡಿ, ಆ ಗೆರೆ ದಾಟುವುದಿಲ್ಲ. ಹಾಲು ಹೆಚ್ಚಿಸಿದಷ್ಟೂ ನೀರೂ ಅದೇ ಪ್ರಮಾಣದಲ್ಲಿ ಸೇರುತ್ತಿದ್ದರೆ ಹಾಲು ಗಟ್ಟಿಯಾಗುವುದೆಲ್ಲಿಂದ? ಅದಕ್ಕೇ 4ಜಿ ನಿಯಮಗಳು ಈ ವಕ್ರತೆಗೆ ಮಿತಿ ಹಾಕಿವೆ. ಒಂದೊಂದು ಸಂಕೇತದಲ್ಲಿ 2 ಬಿಟ್ ಕಳಿಸುವಾಗ ಟವರಿಗೆ ಶೇ 17.5ರವರೆಗೆ ಮಾಫಿ, 8 ಬಿಟ್ ತುಂಬುವಾಗ ಶೇ 3.5 ಮಾತ್ರ.

ಎತ್ತರದ ತರಂಗಗಳಲ್ಲಿ ಇನ್ನೊಂದು ಕಾಟ ಗಡಿಯಾರದ್ದು. 100 ಮೆಗಾಹರ್ಟ್ಸ್ ಹರಳಿನ ಮಿಡಿತವನ್ನು 280 ಪಟ್ಟು ಏರಿಸಿ 28 ಗಿಗಾಹರ್ಟ್ಸ್ ಮಾಡಿದರೆ, ಅದರ ನಡುಕದ ಶಕ್ತಿ 280ರ ವರ್ಗದಷ್ಟು, ಅಂದರೆ 78,400 ಪಟ್ಟು ಆಗುತ್ತದೆ. ಈ ನಡುಕಕ್ಕೂ ಶಕ್ತಿ ಏರಿಸುವುದು ಮದ್ದಲ್ಲ. ಅದನ್ನು ಅಳೆದು ಕಳೆಯಲೆಂದೇ 5ಜಿಯಲ್ಲಿ ಗುರುತಿನ ಸಂಕೇತಗಳನ್ನು ನಡುನಡುವೆ ಬೆರೆಸಲು ಅವಕಾಶವಿದೆ.

4ಜಿ, 5ಜಿ ಸಿಗ್ನಲ್ಲಿನ ಏರು ಅದರ ಸರಾಸರಿಗಿಂತ ಹತ್ತು ಪಟ್ಟು ಮೇಲಕ್ಕೆ ಹಾರುವುದುಂಟು. ಆ ಕ್ಷಣಮಾತ್ರದ ಏರಿಗಾಗಿ 10 ವ್ಯಾಟಿನ ಆಂಪ್ಲಿಫೈಯರನ್ನು ಸರಾಸರಿ 1 ವ್ಯಾಟಿನಲ್ಲಿ ದುಡಿಸಬೇಕು. ಉಳಿದ ವಿದ್ಯುತ್ತಿನ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಇದಕ್ಕೆ ಟವರುಗಳಲ್ಲಿ ಇಂದಿಗೂ ಬಳಸುವ ಉಪಾಯ 1936ರದ್ದು! ಬೆಲ್ ಲ್ಯಾಬ್ಸ್‌ನ ವಿಲಿಯಂ ಡೋಹರ್ಟಿ ರೇಡಿಯೊ ನಿಲಯಗಳಿಗಾಗಿ ಎರಡು ಆಂಪ್ಲಿಫೈಯರುಗಳ ಜೋಡಿ ಕಟ್ಟಿದ. ಒಂದು ಸದಾ ದುಡಿಯುತ್ತದೆ. ಏರು ಬಂದಾಗ ಮಾತ್ರ ಇನ್ನೊಂದು ಎತ್ತು ನೊಗಕ್ಕೆ ಹೆಗಲು ಕೊಡುತ್ತದೆ.

26 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 11.5 ಮಿಲಿಮೀಟರ್. ಹಾಗಾಗಿ ಎಂಟೆಂಟರ ಸಾಲಿನಲ್ಲಿ 64 ಆಂಟೆನಾಗಳು ಅಂಗೈ ಮಧ್ಯದಲ್ಲೇ ಹಿಡಿಸುತ್ತವೆ. ಅವೆಲ್ಲ ಒಂದೇ ಲಯದಲ್ಲಿ ಒಂದೇ ದಿಕ್ಕಿಗೆ ಕೂಗಿದರೆ, ಒಟ್ಟು ಶಕ್ತಿ ಅಷ್ಟೇ ಇದ್ದರೂ ಆ ದಿಕ್ಕಿನಲ್ಲಿ 64 ಪಟ್ಟು ಕೇಳಿಸುತ್ತದೆ. ಒಂದೊಂದು ಆಂಪ್ಲಿಫೈಯರಿನ ಪಾಲಿಗೆ ಬರುವ ಹೊರೆ ಅರವತ್ತನಾಲ್ಕನೇ ಒಂದು. ನನ್ನ ಮಟ್ಟಿಗೆ ಈ ಪಟ್ಟಿಯಲ್ಲೆಲ್ಲ ಅತಿ ಜಾಣ ಉಪಾಯ ಇದೇ.

ಮಲೆನಾಡಿನ ಮಳೆಗೆ ಡಿಶ್ ಟಿವಿ ಮಾಯವಾದಾಗ ಉಪಗ್ರಹ ಯಾಕೆ ಶಕ್ತಿ ಏರಿಸಬಾರದು? ಅದರ ಆಂಪ್ಲಿಫೈಯರ್ ಸಾಮಾನ್ಯವಾಗಿ ಆಗಲೇ ತನ್ನ ತುದಿಯ ಹತ್ತಿರ ದುಡಿಯುತ್ತಿರುತ್ತದೆ, ಏರಿಸಲು ಜಾಗವಿರುವುದಿಲ್ಲ. ನೆಲದಿಂದ ಮೇಲಕ್ಕೆ ಕಳಿಸುವ ಕೇಂದ್ರ ಮಾತ್ರ ತನ್ನ ಮೇಲೆ ಮಳೆ ಬಂದಾಗ ಶಕ್ತಿ ಏರಿಸಿಕೊಳ್ಳಬಲ್ಲದು.

ವಾಯೇಜರ್-1 ಗಗನನೌಕೆಯ ಟ್ರಾನ್ಸ್‌ಮಿಟರಿನ ಶಕ್ತಿ ಸುಮಾರು 20 ವ್ಯಾಟ್. 2,400 ಕೋಟಿ ಕಿಲೋಮೀಟರಿಗೂ ಆಚೆಯಿಂದ ಅದರ ಮಾತು ಕೇಳುವುದು ಎರಡು ಕಾರಣಕ್ಕೆ: ಅದು ಸೆಕೆಂಡಿಗೆ ಬರೀ 160 ಬಿಟ್‌ನಂತೆ ನಿಧಾನವಾಗಿ ಮಾತಾಡುತ್ತದೆ, ಇಲ್ಲಿ ಕೇಳುವ ಕಿವಿ 70 ಮೀಟರ್ ಅಗಲದ್ದು. ಚಂದ್ರಯಾನದ ಮಾತು ಕೇಳಿಸಿಕೊಂಡ ನಮ್ಮ ಬೆಂಗಳೂರು ಬಳಿಯ ಬ್ಯಾಲಾಳಿನ ಕಿವಿಯ ಅಗಲ 32 ಮೀಟರ್.